ಐದು ಭಾಷೆಗಳ ಲೋಹಪಟ: ಕೊಳ್ಳಬಹುದು, ಉಚ್ಚಾರಣೆ ತಿದ್ದಿಕೊಂಡು

ಕೋಲಾರದ ಬಸ್ ನಿಲ್ದಾಣದ ಬಳಿಯ ಸ್ಟೇಷನರಿ ಅಂಗಡಿಯೊಂದರಲ್ಲಿ 120 ರೂಪಾಯಿಗೆ ಸಿಗುವ ಈ ಗೋಡೆಪಟವು ಚಿನ್ನ, ಬೆಳ್ಳಿ, ಕಬ್ಬಿಣ, ಸೀಸಗಳಿಗೆ ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್ ಹಾಗೂ ರೊಮೇನಿಯನ್ ಭಾಷೆಗಳಲ್ಲಿರುವ ಹೆಸರುಗಳನ್ನು, ಅವುಗಳ ಲ್ಯಾಟಿನ್ ಮೂಲದೊಂದಿಗೆ, ಕನ್ನಡ ಲಿಪಿಯಲ್ಲಿ ಕೊಡುತ್ತದೆ.

ಬೆಳ್ಳಿಯ ಸಾಲು ಎಲ್ಲಕ್ಕಿಂತ ಚೆನ್ನಾಗಿದೆ. ಲ್ಯಾಟಿನ್ನಿನ 'ಅರ್ಗೆಂಟುಮ್' ಇಟಾಲಿಯನ್ನಿನಲ್ಲಿ 'ಅರ್ಜೆಂತೊ', ರೊಮೇನಿಯನ್ನಿನಲ್ಲಿ 'ಅರ್ಜಿಂತ್' ಆಗಿ ಉಳಿದಿದ್ದರೆ, ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳು ದಿನಬಳಕೆಯಲ್ಲಿ ಅದನ್ನು ಕೈಬಿಟ್ಟು 'ಪ್ಲಾತ', 'ಪ್ರಾತ' ಎಂಬ ಬೇರೆ ಮೂಲದ ಪದಗಳನ್ನು ಹಿಡಿದಿವೆ. ಆ ಎರಡು ಚೌಕಗಳಿಗೆ ಬೇರೆ ಬಣ್ಣ ಕೊಟ್ಟಿರುವುದು ಜಾಣತನ. ಚಿನ್ನದ ಸಾಲಿನಲ್ಲಿ ಅಂಥ ತಿರುವಿಲ್ಲ: 'ಔರುಮ್' ಎಲ್ಲೆಡೆ 'ಓರೊ', 'ಓರು', 'ಓರ್', 'ಔರ್' ಎಂದೇ ಸಾಗಿದೆ. ಆದರೆ ಅಲ್ಲಿ ಯಾವುದೋ ನಾಣ್ಯದ ಚಿತ್ರ ಹಾಕುವ ಬದಲು, 2001ರಲ್ಲಿ ಮುಚ್ಚಿದ ನಮ್ಮ ಕೆ.ಜಿ.ಎಫ್. ಗಣಿಯ ಚಿತ್ರ ಹಾಕಬಹುದಿತ್ತು.

ಕಬ್ಬಿಣದಲ್ಲಿ ಪಟ ಎಡವಿದೆ. 'ಫೆರ್ರುಮ್' ಸ್ಪ್ಯಾನಿಷ್‌ಗೆ ಬರುವಾಗ ಮೊದಲ ಫಕಾರ ಹಕಾರವಾಗಿ, ಆ ಹಕಾರವೂ ಈಗ ಬಾಯಲ್ಲಿ ಉಳಿದಿಲ್ಲ. ಹಳಗನ್ನಡದ 'ಪಾಲ್' ಹೊಸಗನ್ನಡದ 'ಹಾಲು' ಆದದ್ದನ್ನು ಓದಿದ ಮಕ್ಕಳಿಗೆ ಇದು ಥಟ್ಟನೆ ಹಿಡಿಸುವ ವಿಷಯ. ಪಟದಲ್ಲಿ ಮಾತ್ರ 'ಯೆರ್ರೊ' ಬದಲು 'ಹಿಯೆರ್ರೊ' ಎಂದಿದೆ. ಫ್ರೆಂಚಿನ ಬೆಳ್ಳಿಯೂ 'ಆರ್ಝಾಂ' ಆಗದೆ 'ಅರ್ಜೆಂಟ್' ಆಗಿದೆ. ಆ ಪದಕ್ಕೆ ಹಣವೆಂಬ ಅರ್ಥವೂ ಇರುವುದನ್ನು ಹೇಳಿಯೇ ಇಲ್ಲ.

ಕಾಗದ ದಪ್ಪವಾಗಿದೆ, ಲ್ಯಾಮಿನೇಷನ್ ಅಂಚಿನಲ್ಲಿ ಏಳುತ್ತಿಲ್ಲ. ಪ್ರೌಢಶಾಲೆಯ ಗೋಡೆಗೆ ತೂಗುಹಾಕುವವರು ಆ ಎರಡು ಉಚ್ಚಾರಣೆಗಳ ಮೇಲೆ ತಿದ್ದಿದ ಚೀಟಿ ಅಂಟಿಸಿಕೊಂಡರೆ ಸಾಕು.