ಸ್ಟ್ರಾಂಗ್ ಐಪಿಎ ಬಾಟಲಿ ಸಜ್ಜಾ ಮೇಲೆ ಇಡಬೇಡಿ, ನಾನು ಇಟ್ಟು ಕೆಟ್ಟೆ

ದಾವಣಗೆರೆ ಬಿಸಿಲಲ್ಲಿ ಯಾರಾದರೂ ಒಳ್ಳೇ ಬಿಯರ್ ಕೂಡಿಟ್ಟುಕೊಂಡಿದ್ದರೆ ಇದನ್ನು ಓದಿ. ಓದಿದ ಮೇಲೆ ಎದ್ದು ಹೋಗಿ ಬಾಟಲಿ ಮೇಲಿನ ತಾರೀಕು ನೋಡಿ.

ಅಮೆರಿಕದಲ್ಲಿರುವ ನಮ್ಮ ಭಾವ ಒಂದು ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ನಾಲ್ಕು ಬಾಟಲಿ ಡಬಲ್ ಐಪಿಎ ತಂದಿದ್ದರು. ಐಪಿಎ ಅಂದರೆ ಇಂಡಿಯಾ ಪೇಲ್ ಏಲ್, ಹಾಪ್ಸ್ ಅನ್ನೋ ಹೂವನ್ನು ಧಾರಾಳವಾಗಿ ಹಾಕಿ ಮಾಡುವ ಕಹಿ ಬಿಯರ್. ಡಬಲ್ ಅಂದರೆ ಹಾಪ್ಸೂ ಜಾಸ್ತಿ, ಆಲ್ಕೋಹಾಲೂ ಜಾಸ್ತಿ. ಇದರಲ್ಲಿ 8 ಪರ್ಸೆಂಟ್ ಇತ್ತು. ಒಂದನ್ನು ಅವತ್ತೇ ರಾತ್ರಿ ತೆಗೆದೆವು. ಮುಚ್ಚಳ ತೆಗೆದ ಕೂಡಲೇ ಚಕ್ಕೋತ ಹಣ್ಣು ಸುಲಿದ ಹಾಗೆ ವಾಸನೆ, ಅದರ ಹಿಂದೆಯೇ ಮಾವಿನಕಾಯಿ ತೊಟ್ಟು ಮುರಿದಾಗ ಬರುತ್ತಲ್ಲ, ಆ ಸೊನೆಯ ಘಾಟು. ಇಂಥದ್ದನ್ನು ಒಂದೇ ವಾರದಲ್ಲಿ ಮುಗಿಸೋದಾ ಅನ್ನಿಸಿತು. ತಪ್ಪು ಶುರುವಾಗಿದ್ದೇ ಅಲ್ಲಿ.

ಒಂದನ್ನು ಚಿತ್ರದುರ್ಗದ ಗೆಳೆಯನಿಗೆ ಕೊಟ್ಟೆ. ಅವನು ಫ್ರಿಜ್ಜಿನಲ್ಲಿಟ್ಟು ಮರೆತ. ನನ್ನ ಪಾಲಿಗೆ ಎರಡು ಉಳಿದವು. ನಮ್ಮ ಮನೆ ಫ್ರಿಜ್ಜಿಗೆ ಅಮ್ಮನ ಕಾನೂನು, ಅದರೊಳಗೆ 'ಅಂಥದ್ದು' ಇಡುವ ಹಾಗಿಲ್ಲ. ಹಾಗಾಗಿ ಎರಡನ್ನೂ ರಟ್ಟಿನ ಡಬ್ಬಿಗೆ ಹಾಕಿ ಮೇಲಿನ ರೂಮಿನ ಸಜ್ಜಾ ಮೇಲಿಟ್ಟೆ. ತಲೆ ಮೇಲೆ ಬರೀ ಆರ್‌ಸಿಸಿ, ಏಪ್ರಿಲ್‌ನಲ್ಲಿ ಆ ರೂಮಿಗೆ ರಾತ್ರಿ ಹತ್ತಾದರೂ ಕಾಲಿಡೋಕಾಗಲ್ಲ. ನನಗೇನೂ ಚಿಂತೆ ಇರಲಿಲ್ಲ. ಸ್ಟ್ರಾಂಗ್ ಇದೆ, ವಿಸ್ಕಿ ಥರ ಹಳೇದಾದಷ್ಟೂ ರುಚಿ ಏರುತ್ತೆ ಅಂದುಕೊಂಡಿದ್ದೆ. (ವಿಸ್ಕಿ ಕೂಡ ಮಾಗೋದು ಮರದ ಪೀಪಾಯಿಯಲ್ಲಿ, ಬಾಟಲಿಯಲ್ಲಲ್ಲ. ಇದೂ ಆಗ ಗೊತ್ತಿರಲಿಲ್ಲ.)

ಹದಿನಾರು ತಿಂಗಳಾದ ಮೇಲೆ ಒಂದು ಶನಿವಾರ ನಾಲ್ಕು ಜನ ಗೆಳೆಯರನ್ನು ಕರೆದೆ. ಮಂಡಕ್ಕಿ, ಮಿರ್ಚಿ ತರಿಸಿದೆ. ದುರ್ಗದವನೂ ತನ್ನ ಬಾಟಲಿ ಹಿಡಿದುಕೊಂಡು ಬಂದ. ಸಜ್ಜಾ ಮೇಲಿನದನ್ನು ಹಿಂದಿನ ದಿನವೇ ಗೆಳೆಯನ ಮನೆಯಲ್ಲಿ ತಣ್ಣಗೆ ಮಾಡಿಸಿ, 'ಇದು ಏಜ್ ಆಗಿರೋ ಮಾಲು' ಅಂತ ದೊಡ್ಡ ಭಾಷಣ ಮಾಡಿಯೇ ತೆಗೆದೆ.

ಗ್ಲಾಸಿಗೆ ಬಿದ್ದಿದ್ದು ಡಿಕಾಕ್ಷನ್ ಬಣ್ಣ. ಮೊದಲನೇ ಬಾಟಲಿ ಬಂಗಾರದ ಬಣ್ಣ ಇತ್ತು. ಚಕ್ಕೋತವೂ ಇಲ್ಲ, ಮಾವಿನಕಾಯಿಯೂ ಇಲ್ಲ, ಮಳೆಯಲ್ಲಿ ನೆನೆದ ರಟ್ಟಿನ ವಾಸನೆ. ಡಬ್ಬಿ ವಾಸನೆ ಹತ್ತಿರಬೇಕು ಅಂತ ಗ್ಲಾಸ್ ಬದಲಿಸಿ ನೋಡಿದೆ. ಬಾಯಿಗಿಟ್ಟರೆ ಮೊದಲು ಕರಗಿದ ಹಳೇ ಬೆಲ್ಲದಂಥ ಅಂಟು ಸಿಹಿ, ಆಮೇಲೆ ಗಂಟಲಲ್ಲಿ ಒರಟು ಕಹಿ. 'ಇದೇನಲೇ, ಕೆಮ್ಮಿನ ಔಷಧಿ ಕುಡಿಸ್ತೀಯಾ' ಅಂತ ಒಬ್ಬ ಮಿರ್ಚಿ ಕಡೆ ತಿರುಗಿಬಿಟ್ಟ. ದುರ್ಗದ ಬಾಟಲಿ ತೆಗೆದರೆ ಪರಿಮಳ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು, ಆದರೂ ಕುಡಿಯುವ ಹಾಗಿತ್ತು, ರಟ್ಟಿನ ವಾಸನೆ ಇರಲಿಲ್ಲ. ಒಂದೇ ದಿನ ತಂದ ಬಾಟಲಿಗಳು, ಇಟ್ಟ ಜಾಗ ಮಾತ್ರ ಬೇರೆ.

ಅವತ್ತೇ ಭಾವನಿಗೆ ಫೋನ್ ಹಚ್ಚಿದೆ. 'ತಂದ ವಾರದಲ್ಲೇ ಕುಡೀರಿ ಅಂದಿದ್ನಲ್ಲಪ್ಪಾ' ಅಂದರು. ಆಮೇಲೆ ಅವರು ಹೇಳಿದ್ದು, ನಾನೇ ಹುಡುಕಿ ಓದಿದ್ದು ಸೇರಿ ಅರ್ಥವಾಗಿದ್ದು ಇಷ್ಟು. ಹಾಪ್ಸಿನ ಪರಿಮಳ ಇರೋದು ಅದರ ಎಣ್ಣೆಗಳಲ್ಲಿ. ಅದರಲ್ಲಿ ಮರ್ಸೀನ್ ಅನ್ನೋದು ಮಾವಿನಲ್ಲೂ ಇದೆಯಂತೆ, ನನಗೆ ಸೊನೆ ನೆನಪಾಗಿದ್ದು ಸುಮ್ನೆ ಅಲ್ಲ. ಈ ಎಣ್ಣೆಗಳು ಡಬ್ಬಿ ಮುಚ್ಚದ ಕಾಫಿಪುಡಿಯ ಘಮದ ಹಾಗೆ ಮೊದಲು ಹೋಗುತ್ತವೆ, ಮುಚ್ಚಳದ ಒಳಗಿನ ಪದರವೇ ಸ್ವಲ್ಪ ಹೀರಿಕೊಳ್ಳುತ್ತದೆ. ಕಹಿ ನಿಧಾನವಾಗಿ ಇಳಿಯುತ್ತದೆ, ಅದು ಇಳಿದಷ್ಟೂ ಮಾಲ್ಟಿನ (ಬಿಯರ್ ಮಾಡೋಕೆ ಮೊಳಕೆ ಬರಿಸಿ ಒಣಗಿಸಿದ ಕಾಳು) ಸಿಹಿ ಎದ್ದು ಕಾಣುತ್ತದೆ. ಬಾಟಲಿ ಎಷ್ಟೇ ಬಿಗಿ ಇದ್ದರೂ ಒಳಗೆ ಚೂರು ಆಕ್ಸಿಜನ್ ಇದ್ದೇ ಇರುತ್ತೆ, ಮುಚ್ಚಳದ ಸಂದಿಯಿಂದಲೂ ನುಸುಳುತ್ತೆ. ಹಳೇ ಬಿಯರಿನ ರಟ್ಟಿನ ವಾಸನೆಗೆ ಮುಖ್ಯವಾಗಿ ಹೆಸರಾಗಿರುವುದು ಟ್ರಾನ್ಸ್-2-ನೊನೆನಾಲ್ ಅನ್ನೋ ವಸ್ತು. ಇದಕ್ಕೆಲ್ಲ ಉರಿ ಹಚ್ಚೋದು ಶಾಖ. 10 ಡಿಗ್ರಿ ಏರಿದರೆ ಕೆಡುವ ವೇಗ ಸುಮಾರು ಎರಡು ಪಟ್ಟು ಅನ್ನೋದು ಒರಟು ಲೆಕ್ಕ. 5 ಡಿಗ್ರಿ ಫ್ರಿಜ್ಜಿಗೂ 35 ಡಿಗ್ರಿ ಸಜ್ಜಾಕ್ಕೂ ಎಂಟು ಪಟ್ಟು ಆಯಿತಲ್ಲ. ಸಜ್ಜಾ ಮೇಲಿನ ಒಂದು ತಿಂಗಳು ಅಂದರೆ ಫ್ರಿಜ್ಜಿನ ಎಂಟು ತಿಂಗಳು!

ಗೆಳೆಯರಲ್ಲೊಬ್ಬ ವಾದಕ್ಕಿಳಿದ. ಬ್ರಿಟಿಷರ ಕಾಲದಲ್ಲಿ ಈ ಬಿಯರ್ ಹಡಗಿನಲ್ಲಿ ತಿಂಗಳುಗಟ್ಟಲೆ ಬರುತ್ತಿತ್ತು, ಅದಕ್ಕೇ ತಾನೇ ಇಂಡಿಯಾ ಅನ್ನೋ ಹೆಸರು, ಆಗ ಕೆಡದ್ದು ಈಗ ಹೇಗೆ ಕೆಟ್ಟಿತು ಅಂತ. ಹಡಗಿನಲ್ಲಿ ಬಂದಿದ್ದು ನಿಜ. ಆದರೆ ಹಾಪ್ಸೂ ಆಲ್ಕೋಹಾಲೂ ಬಿಯರ್ ಹುಳಿಯಾಗದ ಹಾಗೆ ಕಾಯುತ್ತವೆ, ಅಷ್ಟೇ. ಕೆಡದೇ ಇರೋದು ಬೇರೆ, ಘಮ ಉಳಿಯೋದು ಬೇರೆ. ಕ್ಯಾಲಿಫೋರ್ನಿಯಾದ ರಷ್ಯನ್ ರಿವರ್ ಬ್ರೂವರಿಯವರು ಪ್ಲೈನಿ ದಿ ಎಲ್ಡರ್ ಅನ್ನೋ 8 ಪರ್ಸೆಂಟ್ ಡಬಲ್ ಐಪಿಎ ಮಾಡುತ್ತಾರೆ. ಇದನ್ನು ಇಟ್ಟು ಹಳೇದು ಮಾಡಬೇಡಿ ಅಂತ ಲೇಬಲ್ಲಿನ ಮೇಲೇ ಹಾಕಿದ್ದಾರೆ. ಮಾಡಿದವರೇ ಹಾಗಂದ ಮೇಲೆ ನನ್ನ ಭಾಷಣ ಯಾವ ಲೆಕ್ಕ.

ಇಟ್ಟು ಕುಡಿಯುವ ಕಹಿ ಬಿಯರೂ ಇದೆ, ಬಾರ್ಲಿವೈನ್ ಅಂತ. ಸಿಯೆರಾ ನೆವಾಡಾ ಬ್ರೂವರಿಯ ಬಿಗ್‌ಫುಟ್ ಅನ್ನೋ ಬಾರ್ಲಿವೈನ್ 9.6 ಪರ್ಸೆಂಟು, ಹಾಪ್ಸೂ ಜೋರು. ಅದರಲ್ಲಿ ಮಾಲ್ಟ್ ಅಷ್ಟು ಗಟ್ಟಿ ಇರೋದರಿಂದ ಹಾಪ್ಸ್ ಇಳಿದ ಮೇಲೆ ಒಣದ್ರಾಕ್ಷಿ, ಕಾಕಂಬಿಯ ರುಚಿ ಬರುತ್ತೆ ಅಂತ ವರ್ಷಗಟ್ಟಲೆ ಇಡುವವರಿದ್ದಾರೆ. ಅವರೂ ಇಡೋದು ತಣ್ಣಗಿನ ಕತ್ತಲ ಜಾಗದಲ್ಲಿ, ನಮ್ಮ ಆರ್‌ಸಿಸಿ ಕೆಳಗಲ್ಲ.

ಇದು ಸಾಲದು ಅಂತ ಮುಂದಿನ ವಾರ ಇಲ್ಲೇ ಒಂದು ಅಂಗಡಿಯಲ್ಲಿ ಐಪಿಎ ಕಡಿಮೆ ರೇಟಿಗೆ ಕೊಡುತ್ತಾರೆ ಅಂತ ಹೋಗಿ ಇನ್ನೊಮ್ಮೆ ಮೋಸ ಹೋದೆ. ಬಾಟಲಿಗಳು ಬಿಸಿಲು ಬೀಳುವ ಗಾಜಿನ ಪಕ್ಕ ಸಾಲಾಗಿ ನಿಂತಿದ್ದವು, ಅದೂ ಹಸಿರು ಬಾಟಲಿ. ಮನೆಗೆ ತಂದು ತೆಗೆದರೆ ಸುಟ್ಟ ರಬ್ಬರಿನ ನಾತ. ಬೆಳಕು ತಾಗಿದರೆ ಹಾಪ್ಸಿನ ಕಹಿ ಅಂಶವೇ ಒಡೆದು ಹಾಗಾಗುತ್ತದೆ. ಕಂದು ಬಾಟಲಿ ತಕ್ಕಮಟ್ಟಿಗೆ ತಡೆಯುತ್ತೆ, ಕ್ಯಾನ್ ಆದರೆ ಪೂರ್ತಿ ತಡೆಯುತ್ತೆ. ಪ್ಯಾಕ್ ಆದ ತಾರೀಕು ಐದು ತಿಂಗಳ ಹಿಂದಿನದಿತ್ತು. ಕನ್ನಡಕ ಹಾಕಿಕೊಂಡು ಹೋಗಿರಲಿಲ್ಲ, ನೋಡಲಿಲ್ಲ. ಈಗ ಎರಡು ತಿಂಗಳು ದಾಟಿದ್ದರೆ ಐಪಿಎ ಮುಟ್ಟಲ್ಲ, ಅಂಗಡಿಯವನು ಫ್ರಿಜ್ಜಿನಿಂದ ತೆಗೆದುಕೊಟ್ಟರೆ ಮಾತ್ರ ತರುತ್ತೇನೆ.

ಸಜ್ಜಾದ ಎರಡನೇ ಬಾಟಲಿಯನ್ನು ಸಿಂಕಿಗೆ ಸುರಿದೆ. ಸುರಿಯುವಾಗ ಅಮ್ಮ ಬಂದು ನೋಡಿದರು. ವಿಷಯ ಎಲ್ಲಾ ಹೇಳಿದೆ. ಅವರಿಗೆ ಬೇಜಾರಾಗಿದ್ದು ಅಳಿಯ ಅಷ್ಟು ದೂರದಿಂದ ಹೊತ್ತು ತಂದಿದ್ದು ಚರಂಡಿಗೆ ಹೋಯಿತಲ್ಲ ಅಂತ. ಮುಂದಿನ ಸಲ ಭಾವ ತಂದರೆ ಪೇಪರ್ ಸುತ್ತಿ ಫ್ರಿಜ್ಜಿನ ಕೆಳಗಿನ ತರಕಾರಿ ಟ್ರೇಯಲ್ಲಿ ಇಡಬಹುದಂತೆ, ಒಂದೇ ವಾರ ಮಾತ್ರ.