ಹಳೇ ಕಾರಿಗೆ ಪೆಟ್ರೋಲ್ ಪೈಪ್ ತರುವ ಮುಂಚೆ ಅದರ ಮೈ ಮೇಲೆ ಏನು ಬರೆದಿದೆ ನೋಡಿ

ಹಳೇ ಕಾರನ್ನು ಮನೆಯಲ್ಲೇ ಸರಿಮಾಡುತ್ತಿರುವವರು ದಯವಿಟ್ಟು ಓದಿ. ಅಂಗಡಿಯಲ್ಲಿ ಮೀಟರ್ ಲೆಕ್ಕಕ್ಕೆ ಕತ್ತರಿಸಿ ಕೊಡುವ, ಮೇಲೆ ಒಂದಕ್ಷರವೂ ಇಲ್ಲದ ಕಪ್ಪು ರಬ್ಬರ್ ಪೈಪನ್ನು ಪೆಟ್ರೋಲ್ ಲೈನಿಗೆ ಹಾಕಲೇಬೇಡಿ. ಅದರಿಂದ ನಮ್ಮ ಅಂಬಾಸಿಡರ್‌ಗೆ ಬೆಂಕಿ ಹತ್ತಿಕೊಂಡಿತು.

ಗಾಡಿ ಮಾರ್ಕ್ 4, 1489 ಸಿಸಿ ಪೆಟ್ರೋಲ್ ಎಂಜಿನ್. ಅಪ್ಪ ಓಡಿಸುತ್ತಿದ್ದ ಕಾರು, ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿತ್ತು. ಹಳೇ ಪೈಪುಗಳನ್ನು ಬಗ್ಗಿಸಿದರೆ ಒಣ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಟ್ಯಾಂಕಿನಿಂದ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್‌ವರೆಗೆ ಇದ್ದ ರಬ್ಬರ್ ತುಂಡುಗಳನ್ನೆಲ್ಲ ಒಟ್ಟಿಗೇ ಬದಲಾಯಿಸಿದೆ. "ಈಗಿನ ಎಥನಾಲ್ ಪೆಟ್ರೋಲಿಗೆ ತಡೆಯುವಂಥದ್ದೇ ಬೇಕು" ಅಂತ ಅಂಗಡಿಯಲ್ಲಿ ಬಿಡಿಸಿ ಹೇಳಿದ್ದೆ. "ಧೈರ್ಯವಾಗಿ ಹಾಕಿ ಸಾರ್, ಗ್ಯಾರೇಜಿನವರೆಲ್ಲ ಇದನ್ನೇ ತಗೊಂಡು ಹೋಗೋದು" ಅಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಶೆಡ್ಡಿನಲ್ಲಿ ಪೆಟ್ರೋಲ್ ವಾಸನೆ ಶುರುವಾಯಿತು. ಪೈಪ್ ಮುಟ್ಟಿ ನೋಡಿದರೆ ಒಣಗೇ ಇತ್ತು. ಕ್ಲಿಪ್ಪುಗಳೂ ಬಿಗಿಯಾಗಿದ್ದವು. ಗಾಡಿ ನೋಡಿದ ಮೆಕ್ಯಾನಿಕ್, ಕಾರ್ಬ್ಯುರೇಟರ್ ಗಾಡಿ ಅಂದಮೇಲೆ ಸ್ವಲ್ಪ ವಾಸನೆ ಇದ್ದದ್ದೇ ಅಂದರು. ಆ ಮಾತನ್ನು ಯಾರು ಹೇಳಿದರೂ ಒಪ್ಪಬೇಡಿ. ನಿಂತ ಗಾಡಿಯಿಂದ ಪೆಟ್ರೋಲ್ ವಾಸನೆ ಬಂದರೆ ಎಲ್ಲೋ ಸೋರುತ್ತಿದೆ ಅಂತಲೇ ಮೊದಲು ಅಂದುಕೊಂಡು ಹುಡುಕಿ.

ಕೆಲವೇ ದಿನಗಳಲ್ಲಿ, ಮನೆ ಗೇಟಿನ ಮುಂದೆ ಎಂಜಿನ್ ಓಡುತ್ತಿರುವಾಗಲೇ ಬಾನೆಟ್ ಸಂದಿಯಿಂದ ಹೊಗೆ ಬಂತು. ಕಾರ್ಬ್ಯುರೇಟರ್ ತುದಿಯಲ್ಲಿ, ಕ್ಲಿಪ್ಪಿನ ಅಂಚಿನಲ್ಲೇ ಪೈಪ್ ಸೀಳಿತ್ತು. ಈ ಎಂಜಿನ್‌ನಲ್ಲಿ ಕಾರ್ಬ್ಯುರೇಟರ್, ಎಂಜಿನ್ನಿನ ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಡೂ ಒಂದೇ ಪಕ್ಕದಲ್ಲಿವೆ. ಮೇಲಿಂದ ತೊಟ್ಟಿಕ್ಕಿದ ಪೆಟ್ರೋಲ್ ನೇರ ಕಾದ ಕಬ್ಬಿಣದ ಮೇಲೆ. ಪಕ್ಕದ ಮನೆಯ ಹುಡುಗ ಅವರ ಕಾರಿನಲ್ಲಿದ್ದ, ಬೆಂಕಿ ಆರಿಸುವ ಎಕ್ಸ್‌ಟಿಂಗ್ವಿಷರ್ ತಂದುಕೊಟ್ಟ. ಯಾರಿಗೂ ಏನೂ ಆಗಲಿಲ್ಲ. ವೈರಿಂಗ್, ಬಾನೆಟ್ಟಿನ ಪೇಂಟ್ ಹೋಯಿತು.

ಆಮೇಲೆ ಉಳಿದ ಪೈಪುಗಳನ್ನು ಉದ್ದಕ್ಕೆ ಸೀಳಿ ನೋಡಿದೆ. ಹೊರಗೆ ಹೊಚ್ಚ ಹೊಸದು. ಒಳಗಿನ ಪದರ ಉಬ್ಬಿ, ಮೆತ್ತಗಾಗಿ, ಉಗುರು ತಾಗಿಸಿದರೆ ಕಿತ್ತು ಬರುತ್ತಿತ್ತು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲಿನ ತಳದಲ್ಲೂ ಕಪ್ಪು ಚೂರುಗಳು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಸಾಮಾನ್ಯ ರಬ್ಬರ್ ಅದಕ್ಕೆ ತಡೆಯುವುದಿಲ್ಲ. ಕೆಡುವುದು ಒಳಗಿನಿಂದ, ಹಾಗಾಗಿ ಹೊರಗೆ ಮುಟ್ಟಿ ನೋಡಿದರೆ ಏನೂ ತಿಳಿಯುವುದಿಲ್ಲ.

ನೀವು ಕೇಳಬೇಕಾದದ್ದು ಎಸ್‌ಎಇ ಜೆ30 ಆರ್9 (SAE J30 R9) ಅನ್ನುವ ಗುಣಮಟ್ಟದ ಗುರುತಿರುವ ಪೈಪ್. ಅದರ ಒಳಪದರ ಫ್ಲೋರೋ ರಬ್ಬರಿನದು, ಎಥನಾಲಿಗೆ ಜಗ್ಗುವುದಿಲ್ಲ. ಈ ಗುರುತು, ಕಂಪನಿ ಹೆಸರು ಪೈಪಿನ ಮೈ ಮೇಲೆಯೇ ಅಚ್ಚಾಗಿರಬೇಕು. ಆರ್6, ಆರ್7 ಅಂತ ಇದ್ದರೆ ಅದು ಹಳೇ ಬಗೆಯದು, ನಾನಂತೂ ಹಾಕುವುದಿಲ್ಲ. ಬೆಲೆ ಜಾಸ್ತಿಯೇ. ಆದರೆ ಇಡೀ ಗಾಡಿಗೆ ಬೇಕಾಗುವುದು ಕೆಲವೇ ತುಂಡು ಅಲ್ವಾ? ಬಿಲ್ ಮಾತ್ರ ಬಿಡದೆ ತಗೊಳ್ಳಿ.

ಕ್ಲಿಪ್ ಕೂಡ ನೋಡಿ. ಪಟ್ಟಿಯಲ್ಲಿ ಉದ್ದಕ್ಕೂ ತೂತಿರುವ ಸ್ಕ್ರೂ ಕ್ಲಿಪ್ ಸಣ್ಣ ಪೈಪಿನ ರಬ್ಬರನ್ನು ಕೊಯ್ಯುತ್ತದೆ. ಅಂಚು ಮಡಚಿದ, ಒಳಗೆ ನುಣುಪಾದ ಫ್ಯೂಯಲ್ ಕ್ಲಾಂಪ್ ಬೇಕು. ರಬ್ಬರ್ ಗೊಡವೆಯೇ ಬೇಡ, ಪೂರ್ತಿ ತಾಮ್ರದ ಪೈಪ್ ಎಳೆದುಬಿಡೋಣ ಅನ್ನುವವರೂ ಇದ್ದಾರೆ. ಅದೂ ಬೇಡ. ಎಂಜಿನ್ ಅಲುಗುತ್ತಲೇ ಇರುತ್ತದೆ, ಆ ಅದುರಿಗೆ ತಾಮ್ರ ಗಡುಸಾಗಿ ಬಿರುಕು ಬಿಡುತ್ತದೆ.

ಪೈಪ್ ಬಿಚ್ಚುವಾಗ ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಿರಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ನಿಲ್ಲುತ್ತದೆ. ಗಾಡಿ ಕೆಳಗಿನ ರಿಪೇರಿ ಗುಂಡಿಗೆ ಇಳಿದು ಈ ಕೆಲಸ ಮಾಡಬೇಡಿ, ವೈರಿನ ಬಲ್ಬನ್ನು ಹತ್ತಿರ ತರಬೇಡಿ. ಬಾಯಲ್ಲಿ ಪೆಟ್ರೋಲ್ ಎಳೆಯುವ ಅಭ್ಯಾಸವನ್ನಂತೂ ಬಿಟ್ಟುಬಿಡಿ.

ಎಬಿಸಿ ಪೌಡರ್ ಎಕ್ಸ್‌ಟಿಂಗ್ವಿಷರನ್ನು ಡಿಕ್ಕಿಯಲ್ಲಿ ಅಲ್ಲ, ಡ್ರೈವರ್ ಸೀಟಿನ ಹತ್ತಿರ ಇಡಿ. ಬೆಂಕಿ ಕಂಡರೆ ಮೊದಲು ಎಂಜಿನ್ ಆಫ್ ಮಾಡಿ, ಎಂಜಿನ್ನಿನಿಂದಲೇ ಓಡುವ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಅಲ್ಲಿಗೇ ನಿಲ್ಲುತ್ತದೆ. ಎಲ್ಲರನ್ನೂ ಇಳಿಸಿ. ಬಾನೆಟ್ ಪೂರ್ತಿ ಎತ್ತಿದರೆ ಗಾಳಿ ನುಗ್ಗಿ ಬೆಂಕಿ ಏಳುತ್ತದೆ. ಸಂದಿಯಿಂದಲೇ ಪೌಡರ್ ಹೊಡೆಯಿರಿ. ನೀರು ಬೇಡ, ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಬೆಂಕಿಯನ್ನು ಹರಡುತ್ತದೆ.