ಮುಕ್ತಿನಾಥಕ್ಕೆ ಸ್ವಂತ ಬೈಕೋ, ಬಾಡಿಗೆ ಬೈಕೋ?

ನೇಪಾಳದ ಮುಕ್ತಿನಾಥಕ್ಕೆ ಎರಡು ಸಲ ಬೈಕಿನಲ್ಲಿ ಹೋಗಿ ಬಂದೆ. ಮೊದಲ ಸಲ ಬೆಂಗಳೂರಿನಿಂದ ಒಯ್ದ ನನ್ನದೇ ರಾಯಲ್ ಎನ್‌ಫೀಲ್ಡ್ ಹಿಮಾಲಯನ್. ಎರಡನೇ ಸಲ ಕಠ್ಮಂಡುವಿನ ಥಮೇಲ್‌ನಲ್ಲಿ ಬಾಡಿಗೆಗೆ ಹಿಡಿದ ಅದೇ ಮಾಡೆಲ್. ಬೈಕ್ ಒಂದೇ ಥರದ್ದು, ಹೊರಡುವ ಮುಂಚಿನ ತಲೆನೋವು ಮಾತ್ರ ಬೇರೆ ಬೇರೆ.

ಸ್ವಂತ ಬೈಕಾದರೆ ಮೊದಲು ಕಾಗದಪತ್ರ. ನಮ್ಮ ಡಿಎಲ್ ಅಲ್ಲಿ ನಡೆಯಿತು, ಆರ್‌ಸಿ ನನ್ನ ಹೆಸರಿನಲ್ಲೇ ಇತ್ತು. ಸಿಕ್ಕಿಬಿದ್ದಿದ್ದು ಇನ್ಶೂರೆನ್ಸ್ ವಿಷಯದಲ್ಲಿ. ನಮ್ಮ ಪಾಲಿಸಿ ಗಡಿಯಾಚೆಗೆ ತಾನಾಗಿ ಅನ್ವಯಿಸುವುದಿಲ್ಲ. ಹೆಚ್ಚಿಗೆ ಪ್ರೀಮಿಯಂ ಕಟ್ಟಿ, ನೇಪಾಳವನ್ನೂ ಸೇರಿಸಿ ಪಾಲಿಸಿಗೆ ಎಂಡಾರ್ಸ್‌ಮೆಂಟ್, ಅಂದರೆ ತಿದ್ದುಪಡಿ, ಹಾಕಿಸಬೇಕು. ಇದು ನನಗೆ ಗೊತ್ತಾಗಿದ್ದು ಹೊರಡಲು ಒಂದು ವಾರ ಇದ್ದಾಗ!

ಬೈಕನ್ನು ಲಾರಿಯಲ್ಲಿ ಗೋರಖ್‌ಪುರಕ್ಕೆ ಕಳಿಸಿದೆ. ಹೇಳಿದ್ದಕ್ಕಿಂತ ಮೂರು ದಿನ ತಡವಾಗಿ ಬಂತು. ಅಷ್ಟು ದಿನ ಲಾಡ್ಜಿನಲ್ಲಿ ಸುಮ್ನೆ ಸೊಳ್ಳೆ ಹೊಡೆಯುತ್ತಾ ಕೂತಿದ್ದೆ. ಅಲ್ಲಿಂದ ಸೋನೌಲಿ ಗಡಿ ಸುಮಾರು 100 ಕಿ.ಮೀ. ಗಡಿ ದಾಟಿದ ಕೂಡಲೇ ಭನ್ಸಾರ್ ಮಾಡಿಸಬೇಕು. ಅದು ಅಲ್ಲಿನ ಕಸ್ಟಮ್ಸ್ ಚೀಟಿ, ದಿನಕ್ಕಿಷ್ಟು ಅಂತ ಲೆಕ್ಕ, ಅವಧಿ ಮೀರಿದರೆ ದಂಡ. ಎರಡು ದಿನ ಜಾಸ್ತಿಯೇ ಬರೆಸಿದ್ದೆ. ಮುಕ್ತಿನಾಥದ ದಾರಿಯಲ್ಲಿ ಬೇನಿ ಅನ್ನೋ ಊರು ದಾಟಿದ ಮೇಲೆ ಗುಡ್ಡ ಕುಸಿದು ಒಂದು ದಿನ ನಿಂತಾಗ ಅದೇ ಕೈ ಹಿಡಿಯಿತು.

ಬಾಡಿಗೆಗೆ ಈ ಯಾವ ರಗಳೆಯೂ ಇಲ್ಲ. ವಿಮಾನ ಇಳಿದ ಸಂಜೆಯೇ ಬೈಕ್ ಆರಿಸಿದೆ. ಅಂಗಡಿಯವರು ಪಾಸ್‌ಪೋರ್ಟ್ ಅಡ ಇಡಿ ಅಂದರು. ನಮಗೆ ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಸಾಕು (ವಿಮಾನದಲ್ಲಿ ಹೋಗುವವರಿಗೆ ಆಧಾರ್ ನಡೆಯಲ್ಲ). ನಾನು ಎರಡೂ ಒಯ್ದಿದ್ದೆ. ವೋಟರ್ ಐಡಿ ಮತ್ತು ಸ್ವಲ್ಪ ನಗದು ಕೊಟ್ಟೆ, ಒಪ್ಪಿದರು. ಬೈಕಿನ ಪ್ರತಿ ಗೀರನ್ನೂ ವಿಡಿಯೋ ಮಾಡಿಕೊಂಡೆ, ಯಾಕೆಂದರೆ ಹೊಸ ಗೀರಿಗೆಲ್ಲ ನಾವೇ ದುಡ್ಡು ಕೊಡಬೇಕಿತ್ತು. ಆದರೆ ಸಂಜೆಗತ್ತಲಲ್ಲಿ ಬ್ರೇಕ್ ಪ್ಯಾಡ್ ನೋಡಲಿಲ್ಲ. ಪೋಖರಾ ಮುಟ್ಟುವ ಹೊತ್ತಿಗೆ ಹಿಂದಿನ ಚಕ್ರ ಕಿರ್ರ್ ಅನ್ನುತ್ತಿತ್ತು.

ಓಡಿಸುವ ಖುಷಿಯಲ್ಲಿ ಮಾತ್ರ ನನ್ನ ಬೈಕೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ದಾರಿಯಲ್ಲಿ ಸಿಗುವ ಕಾಳಿ ಗಂಡಕಿ ನದಿಯ ಕಣಿವೆಯಲ್ಲಿ ಕಲ್ಲು, ಧೂಳು, ರಸ್ತೆಗೇ ಅಡ್ಡ ಹರಿಯುವ ಹಳ್ಳ. ಮಧ್ಯಾಹ್ನದ ಹೊತ್ತಿಗೆ ಎದ್ದ ಗಾಳಿ ಬೈಕನ್ನೇ ಪಕ್ಕಕ್ಕೆ ತಳ್ಳುತ್ತದೆ. ಹಳ್ಳದ ನಡುವೆ ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಕೈಗೆ ಗೊತ್ತಿದ್ದರೆ ಅರ್ಧ ಭಯ ಕಡಿಮೆ. ಬಾಡಿಗೆ ಬೈಕಿನಲ್ಲಿ ಅದೇ ಹಳ್ಳ ದಾಟುವಾಗ ಬಿದ್ದರೆ ಎಷ್ಟು ಕೇಳ್ತಾರೋ ಅನ್ನೋದೇ ಚಿಂತೆ.

ಆದರೂ ಹತ್ತು ದಿನದ ರಜೆಯಾದರೆ ನನ್ನ ಆಯ್ಕೆ ಬಾಡಿಗೆಯೇ. ಅದೂ ಕಠ್ಮಂಡುವಿನಲ್ಲಿ ಅಲ್ಲ, ಪೋಖರಾದಲ್ಲಿ. ಕಠ್ಮಂಡುವಿನಿಂದ ಪೋಖರಾವರೆಗೆ ಲಾರಿಗಳ ಹಿಂದೆ 200 ಕಿ.ಮೀ. ಧೂಳು ಕುಡಿಯುವುದು ತಪ್ಪುತ್ತದೆ, ಮುಕ್ತಿನಾಥಕ್ಕೆ ಬೇಕಾದ ಅನ್ನಪೂರ್ಣ ಪ್ರದೇಶದ ಪರ್ಮಿಟ್ಟೂ ಅಲ್ಲೇ ಸಿಗುತ್ತದೆ. ಮೂರು ವಾರ ಕೈಯಲ್ಲಿದ್ದರೆ ನಿಮ್ಮ ಬೈಕೇ ಒಯ್ಯಿರಿ. ಹೆಲ್ಮೆಟ್ ಎರಡೂ ಸಲ ನನ್ನದೇ ಇತ್ತು. ಅಂಗಡಿಯವರು ಕೊಟ್ಟಿದ್ದು ತಲೆಯ ಮೇಲೆ ಬೋಗುಣಿ ಕವುಚಿದ ಹಾಗಿತ್ತು.

ಮೂರನೇ ಸಲಕ್ಕೆ ಇನ್ನೂ ದಿನ ಗೊತ್ತಾಗಿಲ್ಲ. ಬ್ರೇಕ್ ಪ್ಯಾಡ್ ಒಂದು ಜೊತೆ ಆಗಲೇ ಬ್ಯಾಗು ಸೇರಿದೆ.